ಗುರುವಿನ ಚಿತ್ರವನ್ನು ಶಿಷ್ಯ ಚಿಕ್ಕದಾಗಿ ಬರೆದರೆ ಅದಕ್ಕೆ ಏನೆನ್ನಬೇಕು?

ಎಲ್ಲರಿಗೂ ನಮಸ್ಕಾರ.

ತಂಗಿಯ ಮಗಳು ದಾವಣಗೆರೆಯ ದೃಶ್ಯಕಲಾ ಮಹಾವಿದ್ಯಾಲಯದಲ್ಲಿ ಓದುತ್ತಿದ್ದಾಳೆ. ಪ್ರದರ್ಶನವೊಂದರ ಫಲಕಕ್ಕೆ ನಾಲ್ಕು ಸಾಲು ಕನ್ನಡದಲ್ಲಿ ಬರೆದುಕೊಡಿ ಎಂದಳು. ಒಪ್ಪಿಕೊಂಡೆ. ಮೂರನೆಯ ಸಾಲಿನಲ್ಲಿ ಸಿಕ್ಕಿಕೊಂಡು ಕುಳಿತಿದ್ದೇನೆ.

ಸಂಗತಿ ಇಷ್ಟು. ಆಂಟ್‌ವರ್ಪ್‌ನ ಚಿತ್ರಕಾರ ರೂಬೆನ್ಸ್ 1618ರಲ್ಲಿ ಇಂಗ್ಲೆಂಡಿನ ರಾಯಭಾರಿ ಡಡ್ಲಿ ಕಾರ್ಲ್‌ಟನ್‌ಗೆ ತನ್ನಲ್ಲಿದ್ದ ಚಿತ್ರಗಳ ಪಟ್ಟಿ ಕಳುಹಿಸಿದ. ಯಾವುದು ಪೂರ್ತಿ ತನ್ನ ಕೈಯದು, ಯಾವುದು ಶಿಷ್ಯರು ಮಾಡಿ ತಾನು ತಿದ್ದಿದ್ದು ಎಂದು ಬಿಡಿಸಿ ಬರೆದ. ಅದರಲ್ಲೊಂದು ‘ಅಂತಿಮ ತೀರ್ಪು’, ಲೋಕದ ಕೊನೆಯ ದಿನ ದೇವರು ಎಲ್ಲರ ನ್ಯಾಯ ತೀರಿಸುವ ಕ್ರೈಸ್ತರ ಕಲ್ಪನೆಯ ಚಿತ್ರ. ಜರ್ಮನಿಯ ದೊರೆಯೊಬ್ಬನಿಗೆ ರೂಬೆನ್ಸ್ ಮಾಡಿಕೊಟ್ಟಿದ್ದ ಬಹು ದೊಡ್ಡ ಚಿತ್ರವನ್ನು ನೋಡಿ ಶಿಷ್ಯನೊಬ್ಬ ಚಿಕ್ಕ ಅಳತೆಯಲ್ಲಿ ಶುರುಮಾಡಿದ್ದು. ದೊಡ್ಡದಕ್ಕೆ ಆಗಿನ ನಾಣ್ಯದಲ್ಲಿ 3,500 ಫ್ಲೋರಿನ್ ಬಂದಿತ್ತು, ಇದಕ್ಕೆ ಅವನು ಹೇಳಿದ ಬೆಲೆ 1,200. ಚಿತ್ರ ಇನ್ನೂ ಮುಗಿದಿಲ್ಲ, ಎಲ್ಲ ಕಡೆ ನಾನೇ ಕೈಯಾಡಿಸುತ್ತೇನೆ, ಆಗ ಮೂಲವೆಂದೇ ನಡೆಯುತ್ತದೆ ಎಂದೂ ಹೇಳಿಕೊಂಡಿದ್ದಾನೆ. ಅಪ್ಪಟ ವ್ಯಾಪಾರಿ, ಆದರೆ ಮುಚ್ಚುಮರೆ ಇಲ್ಲ.

ಈ ಚಿಕ್ಕದನ್ನು ಏನೆಂದು ಕರೆಯುವುದು? ‘ಪ್ರತಿಕೃತಿ’ ಎಂದೊಡನೆ ಪತ್ರಿಕೆ ಓದುವವರಿಗೆ ನೆನಪಾಗುವುದು ಜಯದೇವ ವೃತ್ತದಲ್ಲಿ ಸುಡುವ ಹುಲ್ಲಿನ ಬೊಂಬೆ. ‘ಪಡಿಯಚ್ಚು’ ಚೆಂದದ ಪದ, ಅದರಲ್ಲಿನ ‘ಪಡಿ’ ಸಂಸ್ಕೃತದ ‘ಪ್ರತಿ’ಯ ತದ್ಭವ. ಆದರೆ ‘ಅಚ್ಚು’ ಜೊತೆಗಿದೆಯಲ್ಲ. ರವಿವರ್ಮ 1894ರಲ್ಲಿ ಮುಂಬಯಿಯಲ್ಲಿ ತೆರೆದ ಮುದ್ರಣಾಲಯದಿಂದ ನಮ್ಮ ದೇವರ ಮನೆಗಳಿಗೆ ಬಂದ ಲಕ್ಷ್ಮಿ, ಸರಸ್ವತಿಯರಿಗೆ ಅದು ಒಪ್ಪುತ್ತದೆ. ಕುಂಚ ಹಿಡಿದು ಬೆವರಿದ ಶಿಷ್ಯನಿಗೆ ಒಪ್ಪುವುದಿಲ್ಲ.

ನನ್ನ ಮನಸ್ಸು ‘ನಕಲು’ ಕಡೆಗಿದೆ. ಕೋರ್ಟಿನ ನಕಲು ವಿಭಾಗದಲ್ಲಿ ಗುಮಾಸ್ತನಾಗಿದ್ದವನಿಗೆ ಆ ಪದದಲ್ಲಿ ಕಳಂಕ ಕಾಣುವುದಿಲ್ಲ. ತೀರ್ಪಿನ ನಕಲಿಗೆ ಅರ್ಜಿ ಹಾಕುವ ರೈತ ಮೋಸವನ್ನೇನೂ ಕೇಳುತ್ತಿರಲಿಲ್ಲ. ಮೊಹರು, ಸಹಿ ಬಿದ್ದರೆ ಅದು ದೃಢೀಕೃತ ನಕಲು. ರೂಬೆನ್ಸ್ ಆ ಪಟ್ಟಿಯಲ್ಲಿ ಮಾಡಿದ್ದೂ ಅದನ್ನೇ ಅಲ್ಲವೇ? ‘ಅಂತಿಮ ತೀರ್ಪಿನ ದೃಢೀಕೃತ ನಕಲು’ ಎಂದು ಬರೆದು ತೋರಿಸಿದೆ. ಹುಡುಗಿ ನಗಲಿಲ್ಲ. “ಮಾವ, ನಮ್ಮ ಕಾಲೇಜಿನಲ್ಲಿ ನಕಲು ಎಂದರೆ ಡಿಬಾರ್” ಎಂದಳು. ‘ನಕಲಿ’ಯಂತೂ ಒಂದೇ ಸ್ವರದ ದೂರದಲ್ಲಿದೆ.

ಜೊತೆಗೆ ಇನ್ನೆರಡು ತೊಡಕು. ‘ರೂಬೆನ್ಸ್ ಕಾರ್ಯಾಗಾರ’ ಎಂದರೆ ಊಟದ ವ್ಯವಸ್ಥೆಯಿರುವ ಮೂರು ದಿನದ ಶಿಬಿರ ಎಂದುಕೊಳ್ಳುತ್ತಾರೆ. ‘ಚಿತ್ರಶಾಲೆ’ ಎಂದು ಬದಲಾಯಿಸಿದ್ದೇನೆ. ‘ಇದರಲ್ಲಿ ಶಿಷ್ಯರ ಕೈವಾಡವಿದೆ’ ಎಂದು ಬರೆದಿದ್ದೆ. ಮರುದಿನ ಓದಿದಾಗ ಪೊಲೀಸರಿಗೆ ಕೊಟ್ಟ ದೂರಿನ ಹಾಗಿತ್ತು, ಹೊಡೆದುಹಾಕಿದೆ.

ಹಿಂದೆ ಸಿನಿಮಾ ಬ್ಯಾನರ್ ಬರೆಯುತ್ತಿದ್ದ ಹಿರಿಯರೊಬ್ಬರು ನಮ್ಮ ಬೀದಿಯಲ್ಲಿದ್ದಾರೆ. ಅವರನ್ನೂ ಕೇಳಿದೆ. ಚಿತ್ರಮಂದಿರದ ಮುಂದಿನ ದೊಡ್ಡ ಬ್ಯಾನರಿನಲ್ಲಿ ಮುಖ ಮೇಷ್ಟರದು, ಸೀರೆ ಮತ್ತು ಅಕ್ಷರ ಹುಡುಗರದು. ಅದನ್ನೇ ನೋಡಿ, ಚೌಕ ಹಾಕಿಕೊಂಡು, ಬಸ್ ನಿಲ್ದಾಣಕ್ಕೆ ಚಿಕ್ಕದೊಂದನ್ನು ಹುಡುಗರೇ ಬರೆಯುತ್ತಿದ್ದರಂತೆ. ಕೊನೆಗೆ ಮೇಷ್ಟರು ಬಂದು ಕಣ್ಣಿಗೆ ಎರಡು ಬಿಳಿ ಚುಕ್ಕೆ ಇಟ್ಟು ಹೋಗುತ್ತಿದ್ದರು. ಅದಕ್ಕೆ ಹೆಸರೇನು ಎಂದರೆ, “ಹೆಸರೇನು ಬಂತು ಸ್ವಾಮಿ, ದೊಡ್ಡದು, ಚಿಕ್ಕದು, ಅಷ್ಟೇ” ಎಂದರು.

ಸದ್ಯಕ್ಕೆ ‘ಶಿಷ್ಯರು ಬರೆದ ಕಿರುಪ್ರತಿ’ ಎಂದು ಹಾಕಿದ್ದೇನೆ. ‘ಕಿರುಪ್ರತಿ’ ಎಂದರೆ ಕೈಗಡಿಯಾರದಷ್ಟು ಚಿಕ್ಕದು ಎನಿಸುತ್ತದೆಯೇ? ರೂಬೆನ್ಸ್ ಹೇಳಿದ ಆ ಚಿಕ್ಕದೇ 13 ಅಡಿಗೆ 9 ಅಡಿ. ಚಿತ್ರಗಾರರ ಮನೆತನದವರು ಯಾರಾದರೂ ಇಲ್ಲಿದ್ದು, ಮನೆಮಾತಿನಲ್ಲಿ ಇದಕ್ಕೊಂದು ಪದವಿದ್ದರೆ ದಯವಿಟ್ಟು ತಿಳಿಸಿ. ಫಲಕ ಸೋಮವಾರ ಅಚ್ಚಿಗೆ ಹೋಗುತ್ತದೆ.