ಅಮ್ಮನಿಗೆ ಸೀರಿಯಸ್ ಅಂತ ಒಂದು ತಂತಿ

ಭಾನುವಾರ ಬೆಳಿಗ್ಗೆ 6.12ಕ್ಕೆ ನಮ್ಮ 'ಅಂಕೋಲೆ ಮನೆಮಂದಿ' ಗುಂಪಿನಲ್ಲಿ ಶುರುವಾದದ್ದು. ಹೆಸರುಗಳು ನನ್ನ ಫೋನಿನಲ್ಲಿ ಇರುವ ಹಾಗೇ ಇವೆ. ಗುಡ್ ಮಾರ್ನಿಂಗ್ ಹೂವುಗಳನ್ನು ಮಾತ್ರ ಕಿತ್ತಿದ್ದೇನೆ.

ಹುಬ್ಬಳ್ಳಿ ಚಿಕ್ಕಪ್ಪ: (ಅನೇಕ ಬಾರಿ ಫಾರ್ವರ್ಡ್ ಆಗಿದೆ) ಪ್ರತಿಯೊಬ್ಬ ಕನ್ನಡಿಗನೂ ಓದಲೇಬೇಕು!! 1971ರ ಯುದ್ಧ. ಕಾರವಾರದ 19 ವರ್ಷದ ವೈರ್‌ಲೆಸ್ ಹುಡುಗ. 'ಅಮ್ಮನಿಗೆ ಸೀರಿಯಸ್' ಅಂತ ಒಂದೇ ಒಂದು ಸುಳ್ಳು ತಂತಿ. ಪಾಕಿಸ್ತಾನದ ಘಾಜಿ ಜಲಾಂತರ್ಗಾಮಿ ಮಟಾಷ್! ಪಠ್ಯಪುಸ್ತಕದಲ್ಲಿ ಯಾಕಿಲ್ಲ? ನಿಜವಾದ ದೇಶಭಕ್ತ ಮುಂದಕ್ಕೆ ಕಳಿಸುತ್ತಾನೆ 🇮🇳🇮🇳

ಹುಬ್ಬಳ್ಳಿ ಚಿಕ್ಕಪ್ಪ: ಇದು ನಮ್ಮ ಅಣ್ಣನ ಕಥೆನೇ ಅಲ್ವೇನ್ರೋ?

ಧಾರವಾಡ ಅತ್ತೆ: ಓದಿ ಕಣ್ಣಾಗ ನೀರು ಬಂತು 🙏

(6.12ಕ್ಕೆ ಬಂದದ್ದು, 6.12ಕ್ಕೇ ಕಣ್ಣೀರು.)

ಸಿಂಧು: ಚಿಕ್ಕಜ್ಜ, ಎಲ್ಲಿಂದ ಬಂತು ಇದು? ಮೂಲ ಕೊಡಿ. ಇದರ ಜೊತೆಗಿನ ಫೋಟೋದಲ್ಲಿರೋದು ಕಾರವಾರದ ಟಾಗೋರ್ ಬೀಚಿನಲ್ಲಿ ನಿಲ್ಲಿಸಿರೋ ಚಪಲ್ ಅನ್ನೋ ಯುದ್ಧನೌಕೆ. ಅದು ನೌಕಾಪಡೆಗೆ ಸೇರಿದ್ದೇ 1976ರಲ್ಲಿ. ಹುಟ್ಟೋಕೆ ಐದು ವರ್ಷ ಮುಂಚೆ ಯುದ್ಧ ಮಾಡಿತಾ?

ಹುಬ್ಬಳ್ಳಿ ಚಿಕ್ಕಪ್ಪ: ಫೋಟೋ ಸುಮ್ನೆ ಹಾಕಿರ್ತಾರೆ. ಭಾವನೆ ನೋಡು.

ಸಿಂಧು: ತಂತಿಯ ವಿಷಯ ಪೂರ್ತಿ ಸುಳ್ಳಲ್ಲ. ಆಗ ಪೂರ್ವ ನೌಕಾ ಕಮಾಂಡಿನ ಮುಖ್ಯಸ್ಥರಾಗಿದ್ದ ವೈಸ್ ಅಡ್ಮಿರಲ್ ಕೃಷ್ಣನ್ ಅವರೇ ಬರೆದಿದ್ದಾರೆ. ಘಾಜಿ ಹುಡುಕ್ತಿದ್ದ ನಮ್ಮ ವಿಮಾನವಾಹಕ ಹಡಗು ವಿಕ್ರಾಂತ್ ಅಂಡಮಾನ್ ಕಡೆ ಅಡಗಿತ್ತು. ವಿಶಾಖಪಟ್ಟಣದ ಹತ್ತಿರ ರಜಪೂತ್ ಅನ್ನೋ ಹಳೇ ಹಡಗು ತಾನೇ ವಿಕ್ರಾಂತ್ ಅನ್ನೋ ಹಾಗೆ ರೇಡಿಯೋದಲ್ಲಿ ಗದ್ದಲ ಎಬ್ಬಿಸ್ತು. ಯಾರೋ ನಾವಿಕ ಅಮ್ಮನ ಕಾಯಿಲೆ ಬಗ್ಗೆ ವಿಚಾರಿಸ್ತಿರೋ ಹಾಗೆ ಒಂದು ಖಾಸಗಿ ತಂತಿಯನ್ನ ಬೇಕಂತಲೇ ಬಿಟ್ಟರು. ಆದ್ರೆ ಅದನ್ನ ಕಳಿಸಿದ್ದು ಕಾರವಾರದ ಹುಡುಗ ಅಂತ ಎಲ್ಲಿದೆ? ಘಾಜಿ ಅದನ್ನ ಕೇಳಿಸಿಕೊಂಡೇ ಬಂತು ಅನ್ನೋಕೆ ಸಾಕ್ಷಿ ಯಾರು? ಒಳಗಿದ್ದವರು ಒಬ್ಬರೂ ಉಳೀಲಿಲ್ಲ. ನಮ್ಮ ಡೆಪ್ತ್ ಚಾರ್ಜಿಗೆ (ನೀರಿನಡಿ ಸಿಡಿಯೋ ಬಾಂಬು) ಮುಳುಗಿತು ಅಂತ ನಾವು, ಇಲ್ಲ ಅಂತ ಅವರು.

ಹುಬ್ಬಳ್ಳಿ ಚಿಕ್ಕಪ್ಪ: ಇಷ್ಟುದ್ದ ಬರೆದು ಕಡೆಗೆ ನಾನು ಹೇಳಿದ್ದೇ ಸರಿ ಅಂದಳು 😄

ಸಿಂಧು: ನಿಂಬೆರಸದ ಕಿಡ್ನಿ ಕಲ್ಲಿನ ಫಾರ್ವರ್ಡೂ ಹೀಗೇ ಸರಿ ಆಗಿತ್ತು. ಅಪ್ಪ ಮೂರು ದಿನ ಆಸ್ಪತ್ರೆಯಲ್ಲಿದ್ದರು.

ಹುಬ್ಬಳ್ಳಿ ಚಿಕ್ಕಪ್ಪ: ಅದನ್ನ ಯಾಕೆ ಈಗ ತೆಗೀತೀಯಾ?

ಧಾರವಾಡ ಅತ್ತೆ: ಹಿರೇರ ಜೋಡಿ ಹಿಂಗ ಮಾತಾಡಬಾರದವ್ವಾ. ಆ ಕಾಲದ ಹುಡುಗ್ರು ಹತ್ತೊಂಬತ್ತಕ್ಕ ಸಮುದ್ರಕ್ಕ ಹೋದ್ರು. ಈಗಿನವರಿಗೆ ಹತ್ತು ನಿಮಿಷ ನೆಟ್ ಹೋದ್ರ ಜೀವ ಹೋದಂಗ.

ಪುಣೆ ಭಾವ: ದೊಡ್ಡಪ್ಪ ರಜೆಗೆ ಬಂದಾಗ ಊಟಕ್ಕೆ ಕೂತರೆ ತಟ್ಟೆಯ ಅಂಚಿಗೆ ಬೆರಳಲ್ಲಿ ಟಕ್ ಟಕಾ ಮಾಡ್ತಿದ್ರು, ನೆನಪಿದೆಯಾ? ನಮ್ಮೆಲ್ಲರ ಹೆಸರನ್ನೂ ತಂತಿ ಭಾಷೆಯಲ್ಲಿ ಬಡಿದು ತೋರಿಸ್ತಿದ್ರು. ನನ್ನದು ಉದ್ದ ಅಂತ ಅಳ್ತಿದ್ದೆ. ಅಜ್ಜಿಯ ಬಂಗಡೆ ಸಾರು, ಜಗಲಿಯ ಮೇಲೆ ಆ ರೇಡಿಯೋ... ಆ ರೇಡಿಯೋ ಈಗ ಯಾರ ಮನೇಲಿದೆ?

ಧಾರವಾಡ ಅತ್ತೆ: ಪಾಲು ಆದಾಗ ಯಾರು ಒಯ್ದರು ಅಂತ ಎಲ್ಲಾರಿಗೂ ಗೊತ್ತದ. ನಾ ಏನೂ ಹೇಳಂಗಿಲ್ಲ.

(ರೇಡಿಯೋ ಮೇಲೆ ನಲವತ್ತೊಂದು ಮೆಸೇಜು. ಬಿಟ್ಟಿದ್ದೇನೆ. ಘಾಜಿ ಅಷ್ಟು ಹೊತ್ತು ನೀರಿನಡಿಯಲ್ಲೇ ಇತ್ತು. ದೊಡ್ಡಪ್ಪ ಹೆಬ್ಬೆರಳಿನ ಚಿತ್ರ ಬಿಟ್ಟು ಬೇರೆ ಏನನ್ನೂ ಹಾಕುವವರಲ್ಲ. ಆವತ್ತು ಅರ್ಧ ಗಂಟೆ 'ಟೈಪ್ ಮಾಡುತ್ತಿದ್ದಾರೆ' ಅಂತ ಕಾಣುತ್ತಿತ್ತು.)

ಕಾರವಾರ ದೊಡ್ಡಪ್ಪ: ನಾನು ಯಾವ ಸುಳ್ಳು ತಂತಿಯನ್ನೂ ಕಳಿಸಿಲ್ಲ. ಸುಳ್ಳೂ ಇಲ್ಲ, ನಿಜವೂ ಇಲ್ಲ. ನಾವಿದ್ದದ್ದು ವಿಕ್ರಾಂತ್ ಜೊತೆ, ಅಂಡಮಾನಿನಲ್ಲಿ. ಸಂದೇಶ ಕಳಿಸುವ ಕೀ ಮುಟ್ಟಬಾರದು ಅಂತ ಆರ್ಡರ್. ಮುಟ್ಟಿದರೆ ಎಲ್ಲಿಂದ ಸದ್ದು ಬಂತು ಅಂತ ದಿಕ್ಕು ಹಿಡಿಯುತ್ತಾರೆ. ಯುದ್ಧದಲ್ಲಿ ವೈರ್‌ಲೆಸ್‌ನವನ ಕೆಲಸ ಕೇಳುವುದು. ನಾಲ್ಕು ಗಂಟೆ ವಾಚು, ಅಂದರೆ ಪಾಳಿ. ಕಬ್ಬಿಣದ ಗೂಡು, ಸೆಕೆ, ಕಿವಿಗೆ ಹೆಡ್‌ಫೋನು. ದಡದಿಂದ ಐದೈದು ಅಕ್ಷರದ ಗುಂಪುಗಳು ಬರುತ್ತಲೇ ಇರುತ್ತವೆ. ನಮಗೆ ಅರ್ಥ ಆಗುವುದಿಲ್ಲ, ಬಿಡಿಸುವವರು ಬೇರೆ. ಬರೆಯುತ್ತಾ ಹೋಗಬೇಕು. ಎರಡು ಪೆನ್ಸಿಲನ್ನು ಎರಡೂ ತುದಿಗೆ ಚೂಪು ಮಾಡಿ ಇಟ್ಟುಕೊಳ್ಳುತ್ತಿದ್ದೆ. ಒಂದು ಗುಂಪು ತಪ್ಪಿದರೆ 'ಇನ್ನೊಮ್ಮೆ ಹೇಳು' ಅಂತ ಕೇಳುವ ಹಾಗಿಲ್ಲ. ಅಷ್ಟು ಜಾಗ ಖಾಲಿ ಬಿಟ್ಟು ಬೈಸಿಕೊಳ್ಳಬೇಕು. ಘಾಜಿ ಮುಳುಗಿದ ಸುದ್ದಿ ನನಗೆ ಸಿಕ್ಕಿದ್ದು ಮೆಸ್‌ನಲ್ಲಿ, ಚಹಾ ಕುಡಿಯುವಾಗ. ಅದು ಮುಳುಗಿದ್ದು ಡಿಸೆಂಬರ್ 3ರ ರಾತ್ರಿ. ತೊಂಬತ್ತಕ್ಕೂ ಹೆಚ್ಚು ಜನ ಇದ್ದರು. ಅದರಲ್ಲೂ ನನ್ನ ಹಾಗೆ ಹೆಡ್‌ಫೋನ್ ಹಾಕಿ ಕೂತ ಹುಡುಗರು ಇದ್ದಿರಬೇಕು.

ಪುಣೆ ಭಾವ: 🫡🫡🫡

ಹುಬ್ಬಳ್ಳಿ ಚಿಕ್ಕಪ್ಪ: ನೋಡಿದ್ಯಾ ಸಿಂಧು? ಯುದ್ಧದಲ್ಲಿ ಇದ್ದದ್ದಂತೂ ನಿಜ ತಾನೇ!

ಧಾರವಾಡ ಅತ್ತೆ: ಅಣ್ಣಾ, ತಪ್ಪು ತಿಳೀಬ್ಯಾಡ. ಆ ನವೆಂಬರ್‌ನಾಗ ಅವ್ವಗ ಟೈಫಾಯ್ಡ್ ಆಗಿ ಹದಿನೆಂಟು ದಿನ ಮಲಗಿದ್ದಳು. ತಂತಿ ಹೊಡದ್ರೂ ನಿನ್ನಿಂದ ಒಂದು ಅಕ್ಷರ ಬರಲಿಲ್ಲ. ಸಾಯೂ ತನಕ ಅಂದಳು, 'ಸರಕಾರ ನನ್ನ ಮಗನ್ನ ಕಲ್ಲು ಮಾಡ್ತು' ಅಂತ.

ಕಾರವಾರ ದೊಡ್ಡಪ್ಪ: ಯಾವ ತಂತಿ?

ಧಾರವಾಡ ಅತ್ತೆ: ಅಪ್ಪ ಬರೆಸಿದ್ದು. 'ಮದರ್ ಸೀರಿಯಸ್'. ಬಾಂಬೆ ಎಫ್‌ಎಂಓ, ಅಂದ್ರ ನೌಕಾಪಡೆ ಟಪಾಲು ಕಚೇರಿ ವಿಳಾಸಕ್ಕ.

ಕಾರವಾರ ದೊಡ್ಡಪ್ಪ: ನನಗೆ ಬಂದಿಲ್ಲ. ಫೆಬ್ರುವರಿಯಲ್ಲಿ ರಜೆಗೆ ಬಂದಾಗ ಅವ್ವ ಒಂದು ದಿನ ಮಾತಾಡಲಿಲ್ಲ. ಗಂಜಿ ಬಡಿಸಿ ಒಳಗೆ ಹೋದಳು. ಕೂದಲು ಉದುರಿತ್ತು. ಯಾಕೆ ಅಂತ ಕೇಳಿದರೆ 'ನೀರು ಬದಲಾಯಿತು' ಅಂದಳು.

ಸಿಂಧು: ಬಂದಿದ್ದರೂ ಆ ಸಮಯದಲ್ಲಿ ಉತ್ತರ ಕಳಿಸೋಕೆ ಆಗ್ತಿರಲಿಲ್ಲ ಅಲ್ವಾ ಅಜ್ಜ?

ಕಾರವಾರ ದೊಡ್ಡಪ್ಪ: ಉತ್ತರ ಕೊಡಲು ಆಗುತ್ತಿರಲಿಲ್ಲ. ಗೊತ್ತಾಗುತ್ತಿತ್ತು.

(ಹನ್ನೊಂದು ನಿಮಿಷ ಯಾರೂ ಏನೂ ಹಾಕಲಿಲ್ಲ. ಈ ಗುಂಪಿನ ಮಟ್ಟಿಗೆ ಅದು ದಾಖಲೆ.)

ಪುಣೆ ಭಾವ: ಅಂಚೆಯವರೇ ಎಲ್ಲೋ ಕಳೆದಿರಬೇಕು. ಯುದ್ಧದ ಗಡಿಬಿಡಿ.

ಧಾರವಾಡ ಅತ್ತೆ: ಅಂಕೋಲೆ ಪೋಸ್ಟಿಗೆ ಯಾರು ಹೋಗಿದ್ರು ಅಂತ ಮೊದಲು ಕೇಳ್ರಿ. ಅಪ್ಪ ಚೀಟಿ, ದುಡ್ಡು ಎರಡೂ ಯಾರ ಕೈಗೆ ಕೊಟ್ಟಿದ್ದ? ಆಗ ಹದಿಮೂರು ವರ್ಷ ಯಾರಿಗಿತ್ತು?

ಹುಬ್ಬಳ್ಳಿ ಚಿಕ್ಕಪ್ಪ: (ಈ ಮೆಸೇಜನ್ನು ಅಳಿಸಲಾಗಿದೆ)

ಹುಬ್ಬಳ್ಳಿ ಚಿಕ್ಕಪ್ಪ: ಐವತ್ತು ವರ್ಷದ ಹಿಂದಿನದ್ದು ಯಾರಿಗೆ ನೆನಪಿರುತ್ತೆ? ನಾನು ಕೌಂಟರಿನಲ್ಲಿ ಕೊಟ್ಟೇ ಬಂದೆ.

ಧಾರವಾಡ ಅತ್ತೆ: ಅವತ್ತು ರಾತ್ರಿ ಎಂಟೂವರಿಗೆ ಮನಿಗೆ ಬಂದಿ. ಪೋಸ್ಟಾಪೀಸು ಐದಕ್ಕ ಮುಚ್ಚತಿತ್ತು. ಕುಮಟಾ ಬಸ್ಸಿನಿಂದ ಇಳಿದಿದ್ದನ್ನ ನಾನೇ ನೋಡೀನಿ.

ಸಿಂಧು: ಚಿಕ್ಕಜ್ಜ, ಮೂಲ ಸಿಕ್ತು 🙂

ಹುಬ್ಬಳ್ಳಿ ಚಿಕ್ಕಪ್ಪ: ಎಲ್ಲರೂ ಸೇರಿ ನನ್ನ ಮೇಲೆ ಬೀಳಬೇಡಿ. ಕ್ಯೂ ಇತ್ತು. ಹುಡುಗ ಬುದ್ಧಿ. ಅವ್ವ ಹೇಗೂ ಹುಷಾರಾದಳಲ್ಲ. ಆ ಪಿಕ್ಚರ್ ಕೂಡ ಇಂಟರ್ವಲ್ ಆದ ಮೇಲೆ ರೀಲ್ ತುಂಡಾಗಿ ನಿಂತೇ ಹೋಯ್ತು.

ಕಾರವಾರ ದೊಡ್ಡಪ್ಪ: ಯಾವ ಪಿಕ್ಚರ್?