ಸೀ ಆಸ್ಟರ್ ಎಲೆಯ ರಂಗೋಲಿ: ಪತಂಗವೋ ನೊಣವೋ?

ಪ್ರಶ್ನೆ: ಇಂಗ್ಲೆಂಡಿನ ಎಸೆಕ್ಸ್ ಕರಾವಳಿಯ ಉಪ್ಪು ಜೌಗಿನಲ್ಲಿ ಬೆಳೆಯುವ, ಸೇವಂತಿಗೆ ಕುಟುಂಬದ ಸೀ ಆಸ್ಟರ್‌ನ ದಪ್ಪ ಎಲೆಗಳ ಮೇಲೆ, ನಮ್ಮ ಕಡೆ ಟೊಮೇಟೊಗೆ ಬೀಳುವಂಥದೇ ಬಿಳಿ ರಂಗೋಲಿ (ಎಲೆಯೊಳಗೆ ಹುಳು ಕೊರೆದ ಗೆರೆ) ಇದೆ. ಬುಕ್ಯುಲಾಟ್ರಿಕ್ಸ್ ಮಾರಿಟಿಮಾ ಎಂಬ ಪುಟ್ಟ ಪತಂಗದ ಹುಳು ಇರಬಹುದೆ? ಮುಕ್ಕಾಲು ಗೆರೆಗಳಲ್ಲಿ ಹುಳುವೇ ಇಲ್ಲ. ಡಬ್ಬದಲ್ಲಿಟ್ಟ ಎಲೆಗೆ ಮೂರೇ ದಿನಕ್ಕೆ ಬೂಷ್ಟು.

ಉತ್ತರ 1: ಟೊಮೇಟೊದ ರಂಗೋಲಿ ನೊಣದ್ದು, ಆಸ್ಟರ್‌ಗೂ ಅಂಥ ನೊಣಗಳಿವೆ, ಹಾಗಾಗಿ ಗೆರೆ ನೋಡಿಯೇ ಹೆಸರಿಡಬೇಡಿ. ಎಲೆಯನ್ನು ಬೆಳಕಿಗೆ ಹಿಡಿದು 10 ಪಟ್ಟು ಲೆನ್ಸ್‌ನಲ್ಲಿ ಹಿಕ್ಕೆ ನೋಡಿ. ಗೆರೆಯ ನಟ್ಟನಡುವೆ ಒಂದೇ ಸಾಲಾಗಿದ್ದರೆ ಪತಂಗದ ಕಡೆಗೆ ವಾಲಬಹುದು. ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಬಿದ್ದಿದ್ದರೆ ನೊಣದ ಅನುಮಾನ. ಹುಳು ಸಿಕ್ಕರಂತೂ ಗೊಂದಲವೇ ಇಲ್ಲ: ಪತಂಗದ ಮರಿಗೆ ಗಟ್ಟಿ ತಲೆ ಇರುತ್ತದೆ, ನೊಣದ ಮರಿಗೆ ತಲೆಯೂ ಇಲ್ಲ ಕಾಲೂ ಇಲ್ಲ, ಬಾಯಲ್ಲಿ ಕಪ್ಪು ಕೊಕ್ಕೆ ಅಷ್ಟೇ.

ಖಾಲಿ ಗೆರೆ ಒಳ್ಳೆಯ ಸುಳಿವೇ. ನಿಂಬೆಯ ರಂಗೋಲಿ ಹುಳು ಕೊನೆಯವರೆಗೂ ಎಲೆಯೊಳಗೇ ಇದ್ದು, ಅಂಚು ಮಡಚಿಕೊಂಡು ಕೋಶವಾಗುತ್ತದೆ (ಪತಂಗವಾಗುವ ಮುಂಚಿನ ಹಂತ). ಬುಕ್ಯುಲಾಟ್ರಿಕ್ಸ್ ಹಾಗಲ್ಲ, ಎಳೆಯದಿದ್ದಾಗ ಮಾತ್ರ ಸುರಂಗ. ಆಮೇಲೆ ಹೊರಬಂದು ತಿರುಳು ಮೇಯುತ್ತದೆ. ಸಿಪ್ಪೆ ಉಳಿದು ಗಾಜಿನ ಕಿಟಕಿಯಂತೆ ಕಾಣುತ್ತದೆ. ಖಾಲಿ ಗೆರೆ ಬಿಟ್ಟು ಆ ಕಿಟಕಿಗಳ ಪಕ್ಕ ಹುಡುಕಿ. ಚಪ್ಪಟೆ ಬಿಳಿ ರೇಷ್ಮೆ ಚುಕ್ಕೆ ಸಿಕ್ಕರೆ ಅದು ಪೊರೆ ಬಿಡಲು ನೇಯ್ದದ್ದು, ಕೋಶದ ಗೂಡಲ್ಲ. ಕೋಶದ ಗೂಡು ಉದ್ದನೆಯದು, ಮೇಲೆ ಉದ್ದುದ್ದ ಏಣುಗಳು.

ಉತ್ತರ 2: ಬೂಷ್ಟಿಗೆ ಕಾರಣ ಎಲೆಯದೇ ನೀರು. ಸೀ ಆಸ್ಟರ್ ಎಲೆ ರಸಭರಿತ, ಮುಚ್ಚಿದ ಡಬ್ಬದಲ್ಲಿ ಬೆವರುತ್ತದೆ. ಬಿಡಿ ಎಲೆ ಬೇಡ, ಕಾಂಡದ ಸಮೇತ ತಂದು ಬುಡವನ್ನು ಸಣ್ಣ ನೀರಿನ ಬಾಟಲಿಯಲ್ಲಿಡಿ. ಬಾಟಲಿ ಬಾಯಿಗೆ ಹತ್ತಿ ತುರುಕಲೇಬೇಕು, ಇಲ್ಲದಿದ್ದರೆ ಹುಳು ನೀರಿಗಿಳಿದು ಸಾಯುತ್ತದೆ. ಡಬ್ಬದ ತಳಕ್ಕೆ ಟಿಶ್ಯೂ, ಬಾಯಿಗೆ ತೆಳು ಬಟ್ಟೆ. ಟಿಶ್ಯೂ ದಿನಾ ಬದಲಿಸಿ. ಬಿಸಿಲಿಗಂತೂ ಇಡಬೇಡಿ. ಗೂಡು ಕಂಡರೆ ಕೀಳದೆ ಆ ತುಂಡನ್ನೇ ಕತ್ತರಿಸಿ ಬೇರೆ ಇಡಿ.

ಉತ್ತರ 3: ಪತಂಗ ಹೊರಬಂದ ಕೂಡಲೇ ಮುಟ್ಟಬೇಡಿ, ರೆಕ್ಕೆ ಗಟ್ಟಿಯಾಗಲಿ. ಬಿಚ್ಚಿದ ರೆಕ್ಕೆಯ ಅಗಲವೇ ಸುಮಾರು 8 ಮಿ.ಮೀ., ಬೆರಳು ತಾಗಿದರೆ ಹುರುಪೆಯೆಲ್ಲ ಉದುರಿ ಗುರುತೇ ಹೋಗುತ್ತದೆ. ಖಾಲಿ ಗೂಡನ್ನೂ ಎಸೆಯಬೇಡಿ. ಒಂದು ತುದಿಯಿಂದ ಕೋಶದ ಸಿಪ್ಪೆ ಅರ್ಧ ಹೊರಚಾಚಿರುತ್ತದೆ, ಅದನ್ನು ಪತಂಗದ ಜತೆಗೇ ಇಡಿ. ಅಂದಹಾಗೆ, ಅದೇ ಗಿಡದ ಬೀಜದ ತಲೆಗಳಲ್ಲಿ ಚೀಲ ಹೊತ್ತು ತಿರುಗುವ ಹುಳು ಕಂಡರೆ ಅದು ಕೋಲಿಯೋಫೋರಾ ಎಂಬ ಬೇರೆ ಪತಂಗದ್ದು, ಇದಕ್ಕೆ ಬೆರೆಸಬೇಡಿ.