ಭಾವ, ಎರಡು ಚೀಟಿಯೂ ಸರಿಯೇ

ಭಾವ, ನಿಮ್ಮ ಮೆಸೇಜು ಈಗ ನೋಡಿದೆ. ಮಾವನ ಕಾಲದ ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಗುಡ್ಡೆಯದ್ದು ಆಳವಾದ ಮಣ್ಣು ಅಂತ ಇದೆ, ಈ ಸಲದ್ದರಲ್ಲಿ ತೆಳು ಮಣ್ಣು, ಕಲ್ಲು ಜಾಸ್ತಿ ಅಂತ ಬಂದಿದೆ, ಯಾವುದು ಸುಳ್ಳು ಅಂತ ಕೇಳಿದ್ದೀರಿ ಅಲ್ವಾ? ಎರಡೂ ಸುಳ್ಳಲ್ಲ. ನಡುವೆ ಮಣ್ಣೇ ಹೋಗಿದೆ.

ಮಣ್ಣಿಗೆ ಹೆಸರು ಕೊಡುವವರು ಗುಂಡಿ ತೋಡಿ ನೋಡುತ್ತಾರೆ. ಒಂದೊಂದು ಪದರದ ಬಣ್ಣ, ದಪ್ಪ, ಜೇಡಿ ಎಲ್ಲ ಅಳೆಯುತ್ತಾರೆ. ಮೇಲಿನ ಪದರ ಸ್ವಲ್ಪ ತೊಳೆದು ಹೋಗಿದ್ದರೆ ಹೆಸರು ಅದೇ, ಪಕ್ಕದಲ್ಲಿ ಸವೆದದ್ದು ಅಂತ ಸೇರಿಸುತ್ತಾರೆ. ಜಾಸ್ತಿ ಹೋದರೆ ಜಾತಿಯೇ ಬದಲು. ಅಮೆರಿಕದ ಹುಲ್ಲುಗಾವಲಿನ ಮಾಲಿಸಾಲ್ ಅಂತ ಒಂದು ಮಣ್ಣಿದೆ. ಅದಕ್ಕೆ ಸಾಮಾನ್ಯವಾಗಿ 25 ಸೆಂಟಿಮೀಟರ್ ಕಪ್ಪು ಮೇಲ್ಪದರ ಬೇಕು. ಉತ್ತು, ಮಳೆಗೆ ತೊಳೆದು 15ಕ್ಕೆ ಇಳಿದರೆ ಅದೇ ಹೊಲ ಆಲ್ಫಿಸಾಲ್ ಅನ್ನುವ ಬೇರೆ ಜಾತಿಯ ಮಣ್ಣು ಆಗಿಬಿಡಬಹುದು.

ನಿಮ್ಮ ಗುಡ್ಡೆಯಲ್ಲಿ ಹಳೇ ಗೇರು ಮರದ ಬುಡ ನೋಡಿ. ಬೇರು ಹಿಡಿದುಕೊಂಡಲ್ಲಿ ಒಂದು ಗೇಣು ಕಪ್ಪು ಮಣ್ಣು ಇನ್ನೂ ಇದೆ. ಎರಡು ಹೆಜ್ಜೆ ಆಚೆ ಬರೀ ಕೆಂಪು ಹರಳು, ಹಾರೆ ಹಾಕಿದರೆ ಟಣ್ ಅನ್ನುತ್ತದೆ. ಆ ಒಂದು ಗೇಣೇ ಎರಡು ಚೀಟಿಯ ನಡುವಿನ ವ್ಯತ್ಯಾಸ. ನಮ್ಮ ಮುರಕಲ್ಲಿನ ಗುಣ ನಿಮಗೆ ಗೊತ್ತೇ ಇದೆ, ಕಡಿಯುವಾಗ ಮೆತ್ತಗೆ, ಬಿಸಿಲು ಗಾಳಿ ತಾಗಿದ ಮೇಲೆ ಕಲ್ಲು. 1807ರಲ್ಲಿ ಬುಕಾನನ್ ಅನ್ನುವ ಬ್ರಿಟಿಷ್ ಅಧಿಕಾರಿ ಇದಕ್ಕೆ ಲ್ಯಾಟರೈಟ್ ಅಂತ ಹೆಸರಿಟ್ಟದ್ದೂ ಮಲಬಾರಿನ ಈ ಕಲ್ಲು ನೋಡಿಯೇ. ಮೇಲಿನ ಹೊದಿಕೆ ಹೋದರೆ ಗುಡ್ಡೆಯಲ್ಲೂ ಹಾಗೇ ಆಗುತ್ತದೆ. ಒಮ್ಮೆ ಗಟ್ಟಿಯಾದದ್ದು ಎಷ್ಟು ನೀರು ಕುಡಿದರೂ ಪುನಃ ಮೆತ್ತಗಾಗುವುದಿಲ್ಲ. ನನಗೆ ಹೆದರಿಕೆ ಇರುವುದು ಅದರದ್ದೇ.

ಹೋದ ಮಣ್ಣು ಎಲ್ಲಿ ಅಂದರೆ, ಅರ್ಧ ಹೊಳೆಗೆ, ಅರ್ಧ ನಿಮ್ಮ ಕೆಳಗಿನ ಅಡಿಕೆ ತೋಟಕ್ಕೆ. ನೀರು ಹೋಗುವ ಕಣಿ ಬಿಡಿಸುವಾಗ ನೋಡಿ, ಮೇಲೆ ಕೆಂಪು, ಅಡಿಯಲ್ಲಿ ಹಳೇ ಕಪ್ಪು ತೋಟದ ಮಣ್ಣು ಹೂತಿರುತ್ತದೆ. ಅಲ್ಲಿಯೂ ಹೆಸರು ಬದಲಾಗುತ್ತದೆ.

ಹಾಗಾಗಿ ಗುಡ್ಡೆ, ತೋಟ ಎರಡರ ಮಣ್ಣನ್ನೂ ಒಂದೇ ಚೀಲಕ್ಕೆ ಹಾಕಿ ಪರೀಕ್ಷೆಗೆ ಕೊಡಬೇಡಿ. ಹಳೇ ಚೀಟಿ ನೋಡಿ ಗೊಬ್ಬರವನ್ನೂ ಹಾಕಬೇಡಿ. ಒಂದು ಎಕರೆಯಲ್ಲಿ 1 ಮಿಲಿಮೀಟರ್ ಹೋದರೆ ಕಣ್ಣಿಗೆ ಕಾಣುವುದಿಲ್ಲ, ಆದರೆ ತೂಕದಲ್ಲಿ ಅದು ಸುಮಾರು 5 ಟನ್! ಮಳೆಗಾಲಕ್ಕೆ ಮುಂಚಿನ ಪತ್ತನಾಜೆಗೆ ಮೊದಲು ಇಳಿಜಾರಿಗೆ ಅಡ್ಡ ಕಣಿ ತೆಗೆದು ತೆಂಗಿನ ಸಿಪ್ಪೆ ತುಂಬಿಸುವ, ದಂಡೆಗೆ ಅನಾನಸು ನೆಡುವ. ಜೆಸಿಬಿ ಮಾತ್ರ ತರಿಸಬೇಡಿ. ಆದಿತ್ಯವಾರ ನಾನೂ ಬರುತ್ತೇನೆ, ಅಕ್ಕನಿಗೆ ಹೇಳಿಡಿ.